ಕೈಗುಣದ ಮಾತು

ಮದುವೆಯ ಮನೆಗೆ ಬರುವ ಹಿರಿಯ ಅಡುಗೆಯವರನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಒಲೆ ಅವರದಲ್ಲ, ಪಾತ್ರೆ ಅವರದಲ್ಲ, ಸೌದೆ ಹಸಿಯೋ ಒಣಗಿದ್ದೋ ಅವರರಿಯರು. ಆದರೂ ಬಂದವರೇ ಕೈಕಾಲು ತೊಳೆದು ನೇರವಾಗಿ ಉಗ್ರಾಣಕ್ಕೆ ಹೋಗಿ, ಬೇಳೆಯ ಕಾಳೊಂದನ್ನು ಹಲ್ಲಿನಲ್ಲಿ ಕಡಿದು, ಹುಣಿಸೆಹಣ್ಣು ಹಳೆಯದೋ ಹೊಸದೋ ಎಂದು ಬೆರಳಿನಿಂದ ಒತ್ತಿ, ಬೆಲ್ಲದ ಚೂರನ್ನು ನಾಲಗೆಯ ಮೇಲಿರಿಸಿಕೊಂಡು ನೋಡಿ, ಆ ಬಳಿಕವೇ ಮರುದಿನದ ಊಟಕ್ಕೆ ಏನಾದೀತೆಂಬುದನ್ನು ನಿಶ್ಚಯಿಸುತ್ತಾರೆ. ಅಂಥವರ ಕೈಗುಣ ಚೆನ್ನಾಗಿದೆ ಎಂದು ನಮ್ಮ ಜನ ಹೇಳುವುದುಂಟು. ಫುಟ್‌ಬಾಲ್ ಮ್ಯಾನೇಜರನೊಬ್ಬನು ಒಂದು ಕ್ಲಬ್ಬಿನಲ್ಲಿ ಗೆದ್ದು, ಊರು ಬಿಟ್ಟು ಊರಿಗೆ, ದೇಶ ಬಿಟ್ಟು ದೇಶಕ್ಕೆ ಹೋಗಿ ಅಲ್ಲಿಯೂ ಗೆಲ್ಲುವುದನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಈ ಉಗ್ರಾಣದ ದೃಶ್ಯವೇ.

ಕ್ರೀಡಾಪುಟಗಳಲ್ಲಿ ಈ ವಿಚಾರ ಬಂದಾಗ ಬಹುಮಂದಿ ಮೊದಲು ಹಿಡಿಯುವುದು ವ್ಯೂಹದ ಎಳೆಯನ್ನು. ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು ಎಂಬ ಲೆಕ್ಕವನ್ನು. ಸಮರ್ಥನಾದ ಮ್ಯಾನೇಜರನು ತನ್ನ ವ್ಯೂಹವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದಲ್ಲೆಲ್ಲ ಬಿಚ್ಚಿ ಹರಡುತ್ತಾನೆಂಬುದು ಅವರ ಎಣಿಕೆ. ವ್ಯೂಹಜ್ಞಾನ ಬೇಡವೆಂದು ನಾನು ಹೇಳಲಾರೆ. ಅದಿಲ್ಲದವನು ಆ ಪೀಠಕ್ಕೆ ಅರ್ಹನೇ ಅಲ್ಲ. ಆದರೆ ತನ್ನ ಮುಂದೆ ಬಂದು ನಿಂತ ಮನುಷ್ಯರನ್ನು ನೋಡಿ, ಇವರಿಗೆ ನನ್ನ ವ್ಯೂಹ ಒಗ್ಗದು ಎಂದು ತೋರಿದಾಗ ಅದನ್ನು ಮಡಿಸಿಟ್ಟುಬಿಡುವ ವಿನಯವೇ ಕ್ಲಬ್ಬಿನಿಂದ ಕ್ಲಬ್ಬಿಗೆ ದಾಟಿಬರುವ ಯಶಸ್ಸಿನ ಮೂಲವೆಂದು ನನ್ನ ದೃಢವಾದ ನಂಬಿಕೆ. ಈ ವಿನಯವು ಹುಟ್ಟಿನಿಂದ ಬರುವುದು ಅಪರೂಪ. ಸೋಲಿನಿಂದ, ಅದಕ್ಕಿಂತಲೂ ಪಶ್ಚಾತ್ತಾಪದಿಂದ ಬರುವುದೇ ಹೆಚ್ಚು.

1997ರ ಬೇಸಗೆಯಲ್ಲಿ ಇಟಲಿಯ ಪಾರ್ಮಾ ಕ್ಲಬ್ಬಿನ ಬಾಗಿಲಿಗೆ ರಾಬರ್ಟೊ ಬಾಜ್ಜೊ ಬಂದು ನಿಂತಿದ್ದರು. ನಾಲ್ಕು ವರ್ಷಗಳ ಹಿಂದೆ ಯುರೋಪಿನ ಶ್ರೇಷ್ಠ ಆಟಗಾರನೆಂಬ ಬಿರುದನ್ನು ಪಡೆದಿದ್ದವರು, ಇಟಲಿಯ ಹಳ್ಳಿಹಳ್ಳಿಯ ಮಕ್ಕಳೂ ಹೆಸರು ಬಲ್ಲವರು. ಕ್ಲಬ್ಬಿನವರಿಗೆ ಅವರು ಬೇಕಾಗಿದ್ದರು. ಆದರೆ 38ರ ಪ್ರಾಯದ ಮ್ಯಾನೇಜರ್ ಕಾರ್ಲೊ ಆಂಚೆಲೊಟ್ಟಿ ಒಪ್ಪಲಿಲ್ಲ. ಆಂಚೆಲೊಟ್ಟಿ ಆಟಗಾರನಾಗಿ ಮಿಲಾನ್ ಕ್ಲಬ್ಬಿನಲ್ಲಿ ಅರ್ರಿಗೊ ಸಾಕ್ಕಿ ಎಂಬ ಗುರುವಿನ ಕೈಕೆಳಗೆ ಎರಡು ಬಾರಿ ಯುರೋಪಿಯನ್ ಕಪ್ ಗೆದ್ದವರು, 1994ರ ವಿಶ್ವಕಪ್ಪಿನಲ್ಲಿ ಅದೇ ಗುರುವಿನ ಸಹಾಯಕರಾಗಿದ್ದವರು. ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು ಎಂಬ ಗುರೂಪದೇಶವು ಅವರಿಗೆ ವೇದವಾಕ್ಯವಾಗಿತ್ತು. ಬಾಜ್ಜೊ ಆಡಲಿಚ್ಛಿಸಿದ್ದು ಮುಂದಾಳುಗಳ ಬೆನ್ನ ಹಿಂದಿನ ಆ ಸ್ವತಂತ್ರವಾದ ತಾಣದಲ್ಲಿ, ಮತ್ತು ಆ ವ್ಯೂಹದಲ್ಲಿ ಅಂಥದೊಂದು ತಾಣವೇ ಇರಲಿಲ್ಲ. ಹಿಂದಿನ ವರ್ಷವೇ ಜಾನ್‌ಫ್ರಾಂಕೊ ಜೋಲಾ ಎಂಬ ಇನ್ನೊಬ್ಬ ಕಲಾವಿದನನ್ನು ಅದೇ ಚೌಕಟ್ಟಿನ ಅಂಚಿಗೆ ಸರಿಸಿದ್ದರು. ಅವರು ಇಂಗ್ಲೆಂಡಿಗೆ ಹೊರಟುಹೋದರು. ಬಾಜ್ಜೊ ಬೊಲೋನ್ಯಾಕ್ಕೆ ಹೋಗಿ ಆ ಋತುವಿನ ಲೀಗಿನಲ್ಲಿ 22 ಗೋಲು ಹೊಡೆದರು. ತಾನು ಮಾಡಿದ್ದು ತಪ್ಪೆಂದು ಆಂಚೆಲೊಟ್ಟಿ ಆಮೇಲೆ ಬಹಿರಂಗವಾಗಿ ಒಪ್ಪಿಕೊಂಡರು. ಅವರ ಕೈಗುಣ ಹುಟ್ಟಿದ್ದು ಈ ಒಪ್ಪಿಗೆಯಲ್ಲಿಯೇ ಎಂದು ನನಗೆ ತೋರುತ್ತದೆ.

ಏಕೆಂದರೆ ಇದಾದ ಮೇಲೆ ಅವರು ಯೂವೆಂಟಸ್ಸಿಗೆ ಹೋದಾಗ, ಅಲ್ಲಿ ಜಿನೆದಿನ್ ಜಿದಾನ್ ಇದ್ದರು. ಜಿದಾನರಿಗಾಗಿ ವ್ಯೂಹವನ್ನೇ ಬಿಚ್ಚಿ ಹೊಸದಾಗಿ ಕಟ್ಟಿದರು. 2001ರ ನವೆಂಬರಿನಲ್ಲಿ ಮಿಲಾನಿಗೆ ಬಂದಾಗ ಮಧ್ಯಮೈದಾನದ ಮುಂಭಾಗದಲ್ಲಿ ಆಡಬಲ್ಲವರು ಒಬ್ಬರೇ ಆಗಿರಲಿಲ್ಲ. ಅವರಲ್ಲಿ ಆಂದ್ರೆಯಾ ಪಿರ್ಲೊ ಎಂಬ ತರುಣರಿಗೆ ತಕ್ಕ ಜಾಗವೇ ಸಿಕ್ಕದೆ, ಇಂಟರ್ ಕ್ಲಬ್ಬಿನವರು ಬಿಟ್ಟುಕೊಟ್ಟಿದ್ದರು. ಓಟದ ವೇಗವಿಲ್ಲ, ಮೈಕಟ್ಟು ಸಣ್ಣದು. ಆದರೆ ಚೆಂಡನ್ನು 40 ಗಜ ದೂರ ಕಳುಹಿಸುವಾಗ ಅದು ಅಂಚೆಯ ಪತ್ರದಂತೆ ವಿಳಾಸ ಹುಡುಕಿಕೊಂಡು ಹೋಗುತ್ತಿತ್ತು. ಆಂಚೆಲೊಟ್ಟಿ ಅವರನ್ನು ಮುಂದಿನಿಂದ ಹಿಂದಕ್ಕೆ ಕರೆತಂದು, ರಕ್ಷಣಾಪಂಕ್ತಿಯ ಮುಂದೆಯೇ ನಿಲ್ಲಿಸಿ, ಇಡೀ ಆಟದ ಸೂತ್ರವನ್ನು ಅವರ ಕಾಲಿಗೊಪ್ಪಿಸಿದರು. ಇಲ್ಲಿ ಹೇಳದೆ ಬಿಡಲಾಗದ ಮಾತೊಂದಿದೆ. ಪಿರ್ಲೊರನ್ನು ಹಾಗೆ ಹಿಂದೆ ಆಡಿಸಿದ ಪ್ರಯೋಗ ಮೊದಲು ನಡೆದದ್ದು ಅದೇ 2001ರ ಆದಿಯಲ್ಲಿ, ಬ್ರೆಷಾ ಎಂಬ ಸಣ್ಣ ಕ್ಲಬ್ಬಿನಲ್ಲಿ, ಕಾರ್ಲೊ ಮಾಜ್ಜೋನೆ ಎಂಬ ಅನುಭವವೃದ್ಧ ಮ್ಯಾನೇಜರರ ಕೈಯಲ್ಲಿ. ಅಲ್ಲಿ ಮುಂದಿನ ತಾಣದಲ್ಲಿ ಪಿರ್ಲೊಗೆ ಎಡೆಯಿರಲಿಲ್ಲ, ಅಲ್ಲಿ ಆಡುತ್ತಿದ್ದವರು ಮತ್ತಾರೂ ಅಲ್ಲ, ಪಾರ್ಮಾದ ಬಾಗಿಲಿನಿಂದ ಹಿಂದಿರುಗಿಹೋದ ಅದೇ ಬಾಜ್ಜೊ. ತಾನು ಒಲ್ಲೆನೆಂದವನಿಗೆ ಬೇರೊಬ್ಬರು ಕೊಟ್ಟ ಗೌರವದ ಫಲವು ಸುತ್ತಿ ಬಳಸಿ ಆಂಚೆಲೊಟ್ಟಿಯವರ ಮನೆಗೇ ಬಂತು. ಬಂದದ್ದನ್ನು ಗುರುತಿಸುವ ಕಣ್ಣು ಅಷ್ಟರಲ್ಲಿ ಅವರಿಗೆ ತೆರೆದಿತ್ತು. 2003ರಲ್ಲಿ ಮಿಲಾನ್ ಯುರೋಪಿನ ಚಾಂಪಿಯನ್ನಾಯಿತು, 2007ರಲ್ಲಿ ಮತ್ತೆ ಆಯಿತು.

ಮುಂದಿನದನ್ನು ಬೇಗ ಹೇಳಿಬಿಡಬಹುದು. 2004ರಲ್ಲಿ ಮಿಲಾನ್, 2010ರಲ್ಲಿ ಚೆಲ್ಸಿ, 2013ರಲ್ಲಿ ಪ್ಯಾರಿಸ್, 2017ರಲ್ಲಿ ಬಯರ್ನ್, 2022ರಲ್ಲಿ ರಿಯಲ್ ಮ್ಯಾಡ್ರಿಡ್: ಯುರೋಪಿನ 5 ಪ್ರಮುಖ ಲೀಗುಗಳನ್ನೂ ಗೆದ್ದ ಮ್ಯಾನೇಜರ್ ಇವರೊಬ್ಬರೇ. ಮ್ಯಾಡ್ರಿಡ್‌ನಲ್ಲಿ ಮೊದಲ ಸಲ ಇದ್ದಾಗ ಅಂಚಿನ ಆಟಗಾರನಾಗಿದ್ದ ಡಿ ಮರಿಯಾರನ್ನು ಒಳಕ್ಕೆ ತಂದು ಮಧ್ಯಮೈದಾನದಲ್ಲಿ ಆಡಿಸಿದ್ದು, ಅದೇ ತಂಡ 2014ರಲ್ಲಿ ಲಿಸ್ಬನ್ನಿನಲ್ಲಿ ಯುರೋಪಿನ ಚಾಂಪಿಯನ್ನಾದದ್ದು, ಇವೆಲ್ಲ ಅದೇ ಉಗ್ರಾಣಪರೀಕ್ಷೆಯ ಮುಂದುವರಿಕೆ. ಅವರ ಸ್ವಭಾವವೂ ಇದಕ್ಕೆ ಒದಗಿತು. ಎಮಿಲಿಯಾ ಪ್ರಾಂತದ ರೆಜ್ಜೋಲೊ ಎಂಬ ಊರಿನ ರೈತನ ಮಗ. ಆ ಸೀಮೆಯಲ್ಲಿ ಹಾಲು ಕರೆದು ಮಾಡುವ ಪಾರ್ಮೆಸಾನ್ ಚೀಸ್ ಮಾರಾಟಕ್ಕೆ ಯೋಗ್ಯವಾಗಬೇಕಾದರೆ ಕನಿಷ್ಠ 12 ತಿಂಗಳು ಹಲಗೆಯ ಮೇಲೆ ಕಾಯಬೇಕು. ಕಾಯುವುದೂ ಕೆಲಸವೇ ಎಂದು ಬಲ್ಲ ಮನೆಯಲ್ಲಿ ಬೆಳೆದವರು ಆಟಗಾರನ ಮೇಲೆ ಕೂಗಾಡುವುದು ಕಡಿಮೆಯೆಂದರೆ ಆಶ್ಚರ್ಯವಿಲ್ಲ.

ಶ್ರೀಮಂತ ಕ್ಲಬ್ಬುಗಳಲ್ಲಿ ಯಾರು ತಾನೇ ಗೆಲ್ಲಲಾರರು ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಣದ ಬಲ ದೊಡ್ಡದು, ಮತ್ತು ಆಂಚೆಲೊಟ್ಟಿಯವರೂ ಯೂವೆಂಟಸ್ಸಿನಿಂದ, ಚೆಲ್ಸಿಯಿಂದ, ಬಯರ್ನಿನಿಂದ, ನೇಪಲ್ಸಿನಿಂದ ಹೊರಹಾಕಿಸಿಕೊಂಡವರೇ. ಕೈಗುಣವುಳ್ಳ ವೈದ್ಯನ ಕೈಯಲ್ಲಿಯೂ ಎಲ್ಲ ರೋಗಿಗಳು ಉಳಿಯುವುದಿಲ್ಲ. ಹಣವಿಲ್ಲದೆಡೆಯಲ್ಲಿ ಈ ಗುಣವನ್ನು ನೋಡಬೇಕಾದರೆ ಅರ್ಧ ಶತಮಾನ ಹಿಂದಕ್ಕೆ, ಇಂಗ್ಲೆಂಡಿನ ಬ್ರಯಾನ್ ಕ್ಲಫ್ ಅವರ ಬಳಿಗೆ ಹೋಗಬೇಕು.

ಕ್ಲಫ್ ಅವರದು ಆಂಚೆಲೊಟ್ಟಿಯವರಿಗೆ ತದ್ವಿರುದ್ಧವಾದ ಪ್ರಕೃತಿ. ಬಾಯಿ ದೊಡ್ಡದು, ಅಹಂಕಾರ ಅದಕ್ಕಿಂತ ದೊಡ್ಡದು. ಮೊಣಕಾಲಿನ ಪೆಟ್ಟಿನಿಂದ ಆಟ ನಿಂತುಹೋಗಿ, 1965ರಲ್ಲಿ ಹಾರ್ಟ್ಲ್‌ಪೂಲ್ಸ್ ಎಂಬ ಬಡ ಕ್ಲಬ್ಬಿನಲ್ಲಿ ಮ್ಯಾನೇಜರ್ ವೃತ್ತಿಯನ್ನಾರಂಭಿಸಿದಾಗ ಅವರೊಡನೆ ಪೀಟರ್ ಟೇಲರ್ ಎಂಬ ಹಳೆಯ ಗೋಲ್‌ಕೀಪರ್ ಇದ್ದರು. ಇಬ್ಬರೂ ಸೇರಿ, ಎರಡನೆಯ ಡಿವಿಜನ್ನಿನಲ್ಲಿ ತೊಳಲುತ್ತಿದ್ದ ಡರ್ಬಿ ಕೌಂಟಿಯನ್ನು 1972ರಲ್ಲಿ ಇಂಗ್ಲೆಂಡಿನ ಚಾಂಪಿಯನ್ನಾಗಿಸಿದರು. ಆಮೇಲೆ 1974ರಲ್ಲಿ ಕ್ಲಫ್ ಲೀಡ್ಸ್ ಯುನೈಟೆಡ್ಡಿಗೆ ಹೋದರು, ಟೇಲರ್ ಹೋಗಲಿಲ್ಲ. ಲೀಡ್ಸ್ ಅದೇ ವರ್ಷದ ಚಾಂಪಿಯನ್, ಉಗ್ರಾಣ ತುಂಬಿತ್ತು. ಆದರೆ ಕ್ಲಫ್ ಒಳಗೆ ಕಾಲಿಡುವ ಮುನ್ನವೇ ಅಲ್ಲಿನ ಸಾಮಾನೆಲ್ಲ ಕೆಟ್ಟದ್ದೆಂದು ತೀರ್ಮಾನಿಸಿದ್ದರು. ನೀವು ಗೆದ್ದ ಪದಕಗಳು ವಂಚನೆಯಿಂದ ಬಂದವು, ಕಸದಬುಟ್ಟಿಗೆ ಹಾಕಿರೆಂದು ಆಟಗಾರರಿಗೆ ಹೇಳಿದರೆಂಬ ಸಂಗತಿ ಪ್ರಸಿದ್ಧವಾಗಿದೆ. 44ನೆಯ ದಿನ ಅವರನ್ನು ಬಿಡಿಸಿ ಕಳುಹಿಸಲಾಯಿತು. ಅದೇ ಮನುಷ್ಯ, ಅದೇ ವಿದ್ಯೆ, ಎರಡು ವರ್ಷಗಳ ಅಂತರ.

1975ರ ಜನವರಿಯಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟಿಗೆ ಬಂದಾಗ ಆ ಕ್ಲಬ್ ಎರಡನೆಯ ಡಿವಿಜನ್ನಿನ ನಡುಮಧ್ಯದಲ್ಲಿತ್ತು. ಮಾರಾಟದ ಪಟ್ಟಿಯಲ್ಲಿ ಹೆಸರಿದ್ದ ಜಾನ್ ರಾಬರ್ಟ್‌ಸನ್ ಎಂಬ ಸ್ಕಾಟ್ ತರುಣ ಅಲ್ಲಿದ್ದರು: ತುಸು ದಪ್ಪನೆಯ ಮೈ, ಕೈಯಲ್ಲಿ ಸಿಗರೇಟು, ಓಟದಲ್ಲಿ ಎಲ್ಲರಿಗಿಂತ ಹಿಂದೆ. ಎಡ ಅಂಚಿನ ಆಟಗಾರನಿಗೆ ವೇಗವೇ ಪ್ರಾಣವೆಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ ಕ್ಲಫ್ ಈ ನಿಧಾನಗತಿಯವರನ್ನೇ ಎಡ ಅಂಚಿಗೆ ನಿಲ್ಲಿಸಿದರು. ಎದುರಾಳಿಯ ಮುಂದೆ ನಿಂತ ನಿಲುವಿನಲ್ಲಿಯೇ ಭುಜವನ್ನೊಮ್ಮೆ ಇಳಿಸಿ, ಅರ್ಧ ಗಜದ ಎಡೆ ಸಂಪಾದಿಸಿಕೊಂಡು ಚೆಂಡನ್ನು ಕಳುಹಿಸುವ ಅವರ ಕಲೆಗೆ ಓಟ ಬೇಕಿರಲೇ ಇಲ್ಲ. 1976ರಲ್ಲಿ ಟೇಲರ್ ಬಂದು ಕೂಡಿಕೊಂಡರು. ಮುಂದಾಳಾಗಿ ಆಡುತ್ತಿದ್ದ ಕೆನ್ನಿ ಬರ್ನ್ಸ್ ಎಂಬ, ಒರಟನೆಂದು ಹೆಸರಾಗಿದ್ದ ಆಟಗಾರನನ್ನು ಕೊಂಡು ರಕ್ಷಣೆಯ ನಡುವಿಗೆ ಹಾಕಿಸಿದವರು ಅವರೇ. 1977ರಲ್ಲಿ ಮೇಲಿನ ಡಿವಿಜನ್, 1978ರಲ್ಲಿ ಇಂಗ್ಲೆಂಡಿನ ಪ್ರಶಸ್ತಿ. 1979ರಲ್ಲಿ ಮ್ಯೂನಿಕ್ಕಿನ ಯುರೋಪಿಯನ್ ಕಪ್ ಫೈನಲಿನಲ್ಲಿ ರಾಬರ್ಟ್‌ಸನ್ ಕಳುಹಿಸಿದ ಚೆಂಡಿಗೆ ಟ್ರೆವರ್ ಫ್ರಾನ್ಸಿಸ್ ತಲೆಕೊಟ್ಟರು. 1980ರಲ್ಲಿ ಮ್ಯಾಡ್ರಿಡ್‌ನಲ್ಲಿ ಹ್ಯಾಂಬರ್ಗಿನ ವಿರುದ್ಧ ಏಕೈಕ ಗೋಲನ್ನು ರಾಬರ್ಟ್‌ಸನ್ ತಾವೇ ಹೊಡೆದರು. ಈ ಎರಡು ಸಂಜೆಗಳ ವಿಚಾರ ಬರೆಯುವಾಗ ಇಂದಿಗೂ ನನ್ನ ಮನಸ್ಸು ತುಂಬಿಬರುತ್ತದೆ. ಇನ್ನೊಬ್ಬರ ಕೈಯಲ್ಲಾಗಿದ್ದರೆ ಆ ಮನುಷ್ಯ ಹೆಸರಿಲ್ಲದೆ ಕಳೆದುಹೋಗುತ್ತಿದ್ದರಲ್ಲ!

ಕೈಗುಣವೆಂದಾಗ ಒಂದೇ ಕೈಯನ್ನು ನೋಡುವ ರೂಢಿ ನಮ್ಮದು. ಆದರೆ ಕ್ಲಫ್ ಅವರ ಲೆಕ್ಕದಲ್ಲಿ ಟೇಲರ್ ಇದ್ದ ಮತ್ತು ಇಲ್ಲದ ವರ್ಷಗಳನ್ನು ಬೇರ್ಪಡಿಸಿ ನೋಡಿದರೆ, ಆಟಗಾರನನ್ನು ಕಾಣುವ ಕಣ್ಣು ಬಹುಮಟ್ಟಿಗೆ ಒಬ್ಬರದು, ಕಂಡವನನ್ನು ಹುರಿದುಂಬಿಸುವ ಮಾತು ಇನ್ನೊಬ್ಬರದು ಎಂಬುದು ತಾನಾಗಿ ತೋರಿಬರುತ್ತದೆ. 1982ರಲ್ಲಿ ಟೇಲರ್ ಫಾರೆಸ್ಟನ್ನು ಬಿಟ್ಟರು. ಆಮೇಲೆ ಕ್ಲಫ್ 11 ವರ್ಷ ಅಲ್ಲಿದ್ದರೂ ಲೀಗ್ ಪ್ರಶಸ್ತಿಯಾಗಲಿ ಯುರೋಪಿಯನ್ ಕಪ್ಪಾಗಲಿ ಮತ್ತೆ ಬರಲಿಲ್ಲ. ಒಬ್ಬ ಆಟಗಾರನ ವರ್ಗಾವಣೆಯ ವಿಷಯದಲ್ಲಿ ಮನಸ್ತಾಪ ಬೆಳೆದು ಗೆಳೆಯರಿಬ್ಬರ ಮಾತು ನಿಂತುಹೋಯಿತು. ರಾಜಿಯಾಗುವ ಮೊದಲೇ, 1990ರಲ್ಲಿ, ಟೇಲರ್ ತೀರಿಕೊಂಡರು. ನಾಲ್ಕು ವರ್ಷಗಳ ನಂತರ ಪ್ರಕಟವಾದ ಆತ್ಮಚರಿತ್ರೆಯನ್ನು ಕ್ಲಫ್ ಅರ್ಪಿಸಿದ್ದು ಆ ಗೆಳೆಯನಿಗೇ. ನಾಟಿಂಗ್‌ಹ್ಯಾಮ್ ನಗರದ ನಡುವೆ ಇರುವ ಕ್ಲಫ್ ಅವರ ಕಂಚಿನ ಪ್ರತಿಮೆ ಒಂಟಿಯಾಗಿ ನಿಂತಿದೆ. ಡರ್ಬಿಯ ಮೈದಾನದ ಹೊರಗೆ 2010ರಲ್ಲಿ ನಿಲ್ಲಿಸಿದ ಪ್ರತಿಮೆಯಲ್ಲಿ ಇಬ್ಬರೂ ಜೊತೆಯಾಗಿ ನಿಂತಿದ್ದಾರೆ.