ಕಲ್ಲು ಉಳಿದರೆ ಸಾಲದು

ಇಸ್ತಾಂಬುಲ್ ನಗರದ ಏಷ್ಯಾ ದಡದಲ್ಲಿ, ನೀರಿಗೆ ತಾಗಿ ನಿಂತಿದೆ ಹೈದರ್‌ಪಾಷಾ ರೈಲು ನಿಲ್ದಾಣ. ಸುಲ್ತಾನ್ ಎರಡನೇ ಅಬ್ದುಲ್ ಹಮೀದರ ಆಳ್ವಿಕೆಯಲ್ಲಿ ಜರ್ಮನ್ ವಾಸ್ತುಶಿಲ್ಪಿಗಳು ರೂಪಿಸಿದ ಈ ಕಟ್ಟಡ 1908ರಲ್ಲಿ ಸಿದ್ಧವಾಯಿತು. ಯುರೋಪ್ ದಡದಿಂದ ಹಡಗಿನಲ್ಲಿ ಬಂದು ಎದುರಿನ ಧಕ್ಕೆಯಲ್ಲಿ ಇಳಿದವರು ಕೆಲವೇ ಹೆಜ್ಜೆ ನಡೆದು ಅನಾತೋಲಿಯದ ರೈಲು ಹತ್ತುತ್ತಿದ್ದರು. ಕೂಲಿಗೆ ಬಂದ ಹಳ್ಳಿಗನಿಗೂ ಅಧಿಕಾರಿಗೂ ಬಾಗಿಲು ಒಂದೇ ಆಗಿತ್ತು.

2010ರ ನವೆಂಬರ್‌ನಲ್ಲಿ, ದುರಸ್ತಿ ಕಾಮಗಾರಿ ನಡೆಯುತ್ತಿದ್ದಾಗಲೇ, ಅದರ ಮಾಡು ಬೆಂಕಿಗೆ ಆಹುತಿಯಾಯಿತು. 2013ರ ಜೂನ್‌ನಲ್ಲಿ ಉಪನಗರ ರೈಲುಗಳೂ ನಿಂತವು. ಆ ಬಳಿಕ ಕಟ್ಟಡದ ಜೀರ್ಣೋದ್ಧಾರ ಕೈಗೊಳ್ಳಲಾಯಿತು. ಹಳಿಗಳಿದ್ದ ಜಾಗವನ್ನು ಅಗೆದಾಗ ಪ್ರಾಚೀನ ಕಾಲ್ಸೆಡಾನ್ ನಗರದ ಅವಶೇಷಗಳೂ ದೊರೆತವು. ಕಲ್ಲನ್ನು ಉಳಿಸುವ ಈ ಶ್ರಮ ಶ್ಲಾಘನೀಯ. ಆದರೆ ಹೈದರ್‌ಪಾಷಾ ನಿಲ್ದಾಣವಾಗಿಯೇ ಉಳಿಯಬೇಕೆಂದು ರೈಲ್ವೆ ನೌಕರರೂ ನಾಗರಿಕರೂ ವರ್ಷಗಟ್ಟಲೆ ಹೋರಾಡಬೇಕಾಯಿತೇಕೆ? ನೀರಿನಂಚಿನ ಭೂಮಿಯ ಬೆಲೆ ಬಲ್ಲವರ ಕಣ್ಣು ಅದರ ಮೇಲಿತ್ತು. ಹೋಟೆಲ್, ವ್ಯಾಪಾರ ಕೇಂದ್ರಗಳ ಯೋಜನೆಗಳು ಒಂದಾದ ಮೇಲೊಂದರಂತೆ ಬಂದವು. 2024ರಲ್ಲಿ ಸರಕಾರ ಸಂಸ್ಕೃತಿ ಕೇಂದ್ರದ ಮಾತನ್ನು ಮುಂದಿಟ್ಟಿತು.

ಈ ಕಟ್ಟಡ ವಕ್ಫ್ ಅಲ್ಲ. ಆದರೆ ವಕ್ಫ್ ಕಲಿಸುವ ಪಾಠ ಇಲ್ಲಿಗೂ ಅನ್ವಯಿಸುತ್ತದೆ: ಆಸ್ತಿಯೊಂದಿಗೆ ಅದರ ಉದ್ದೇಶವೂ ಅಮಾನತ್ತು. ಮುಸಾಫಿರ್‌ಖಾನೆಯ ಗೋಡೆಗೆ ಸುಣ್ಣ ಬಳಿದು, ಕೋಣೆಗಳನ್ನು ಅಂಗಡಿಗಳಿಗೆ ಬಾಡಿಗೆಗೆ ಕೊಟ್ಟು, ಮುಸಾಫಿರನನ್ನೇ ಹೊರಗಟ್ಟಿದರೆ ಅದನ್ನು ಜೀರ್ಣೋದ್ಧಾರವೆನ್ನಲಾದೀತೇ? ಚಿತ್ರಪ್ರದರ್ಶನಕ್ಕೆ, ಗ್ರಂಥಾಲಯಕ್ಕೆ ನಮ್ಮ ವಿರೋಧವಿಲ್ಲ. ಅವು ಪ್ರಯಾಣಿಕನ ಪಕ್ಕದಲ್ಲಿರಲಿ, ಅವನ ಸ್ಥಾನದಲ್ಲಿ ಬೇಡ. ಧಕ್ಕೆಯಲ್ಲಿ ಇಳಿದ ಬಡವನಿಗೆ ಆ ಬಾಗಿಲಲ್ಲಿ ಮತ್ತೆ ರೈಲು ಸಿಗಬೇಕು. ಹೈದರ್‌ಪಾಷಾದ ಜೀರ್ಣೋದ್ಧಾರ ಪೂರ್ಣಗೊಳ್ಳುವುದು ಅಂದೇ.