ಇಪ್ಪತ್ತು ಎಂಬ ಸುಳ್ಳು

ನಿಮ್ಮವರು ಯಾರಾದರೂ ಆಸ್ಪತ್ರೆಯಲ್ಲಿದ್ದರೆ ಅವರ ಚಾರ್ಟನ್ನು ಒಮ್ಮೆ ಗಮನವಿಟ್ಟು ನೋಡಿ. ಜ್ವರದ ಸಾಲಿನಲ್ಲಿ ಅಂಕಿಗಳು ಏರಿಳಿದಿರುತ್ತವೆ. ನಾಡಿ ಒಮ್ಮೆ 88, ಒಮ್ಮೆ 112. ಬಿಪಿಯೂ ಹಾಗೆಯೇ. ಉಸಿರಾಟದ ಸಾಲು ಮಾತ್ರ ಹೀಗಿರುವ ಸಾಧ್ಯತೆ ಹೆಚ್ಚು: 20, 20, 20, 18, 20. ಬೆಳಿಗ್ಗೆ, ಮಧ್ಯಾಹ್ನ, ನಡುರಾತ್ರಿ, ನಿದ್ದೆಯಲ್ಲಿ, ಚಳಿಜ್ವರದಲ್ಲಿ, ಎಲ್ಲದರಲ್ಲೂ ಇಪ್ಪತ್ತು.

ಮನುಷ್ಯರು ಹಾಗೆ ಉಸಿರಾಡುವುದಿಲ್ಲ. ಆ ಇಪ್ಪತ್ತು ಎಣಿಸಿ ಬರೆದದ್ದಲ್ಲ, ಸುಮ್ಮನೆ ಬರೆದದ್ದು. ಇದನ್ನು ನಾನು ಹೊರಗೆ ನಿಂತು ಹೇಳುತ್ತಿಲ್ಲ. ಹದಿನೇಳು ವರ್ಷ ಮಂಗಳೂರಿನಲ್ಲಿ ನರ್ಸ್ ಆಗಿದ್ದವಳು ನಾನು. ಆ ಇಪ್ಪತ್ತನ್ನು ಬರೆದ ಕೈಗಳಲ್ಲಿ ನನ್ನದೂ ಒಂದು.

ಇಪ್ಪತ್ತೇ ಯಾಕೆ? ಕೆಲಸದ ಮೊದಲ ವಾರದಲ್ಲೇ ಹಿರಿಯರಿಂದ ಕಲಿತದ್ದು ಅದು. ಅದು ಯಾರನ್ನೂ ಎಬ್ಬಿಸದ ಸಂಖ್ಯೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಒಂದು ಎಚ್ಚರಿಕೆ ಅಂಕಪಟ್ಟಿ ಮಾಡಿತು. ಅದರಲ್ಲಿ ನಿಮಿಷಕ್ಕೆ 12ರಿಂದ 20 ಉಸಿರಿಗೆ ಸೊನ್ನೆ, 21ರಿಂದ 24ಕ್ಕೆ ಎರಡು, 25 ಅಥವಾ ಹೆಚ್ಚಾದರೆ ಮೂರು ಅಂಕ. ಆ ಮೂರು ಒಂದೇ ಬಂದರೂ ವೈದ್ಯರು ಬಂದು ನೋಡಲೇಬೇಕೆನ್ನುವಷ್ಟು ಗಂಭೀರ. ಇಪ್ಪತ್ತು ಬರೆದರೆ ಏನೂ ಇಲ್ಲ. ಸುಳ್ಳು ಹೇಳಲು ಇದಕ್ಕಿಂತ ಅನುಕೂಲದ ಅಂಕಿ ಸಿಗುವುದಿಲ್ಲ.

2019ರ ಜುಲೈ. ಹೊರಗೆ ನಮ್ಮ ಊರಿನ ಮಳೆ. ಐಸಿಯುನಿಂದ ಹೊರಬಂದವರನ್ನೂ ಐಸಿಯುಗೆ ಹೋಗಬಹುದಾದವರನ್ನೂ ಇಡುವ ವಾರ್ಡಿನಲ್ಲಿ ರಾತ್ರಿ ಪಾಳಿ. ಹದಿನಾರು ಮಂಚ, ನಾವಿಬ್ಬರು. ಜೊತೆಯವಳು ಒಬ್ಬರನ್ನು ಸ್ಕ್ಯಾನಿಗೆ ಕರೆದುಕೊಂಡು ಹೋದ ಮೇಲೆ ನಾನೊಬ್ಬಳೇ. ಒಂಬತ್ತನೇ ಮಂಚದಲ್ಲಿ ಗಡಿಯಾಚೆಯಿಂದ ಬಂದ ಒಬ್ಬ ಅಡಿಕೆ ಕೃಷಿಕರು, ಐವತ್ತರ ಆಸುಪಾಸು, ನ್ಯುಮೋನಿಯಾ. ಮೂಗಿಗೆ ರಭಸದ ಆಕ್ಸಿಜನ್ ಕೊಡುವ ಯಂತ್ರ, ಅದರಲ್ಲಿ ಶೇಕಡಾ 60 ಆಕ್ಸಿಜನ್. ಬೆರಳಿನ ಕ್ಲಿಪ್ಪು 95 ತೋರಿಸುತ್ತಿತ್ತು. ಅವರ ಹೆಂಡತಿ ಎರಡು ಸಲ ನನ್ನ ಬಳಿ ಬಂದರು.

“ಸಿಸ್ಟರ್, ಇವರಿಗೆ ಮಾತಾಡ್ಲಿಕ್ಕೇ ಆಗುದಿಲ್ಲ. ಎರಡು ಶಬ್ದಕ್ಕೊಮ್ಮೆ ನಿಲ್ತಾರೆ. ಉಸುಲು ಕಟ್ಟುಂಡು ಅಂತಾರೆ.”

“ಆಕ್ಸಿಜನ್ ತೊಂಬತ್ತೈದು ಉಂಟು ಅಕ್ಕ, ಹೆದರ್ಬೇಡಿ” ಎಂದೆ. ಚಾರ್ಟಿನಲ್ಲಿ 20 ಬರೆದೆ.

ಬೆಳಗಿನ ಜಾವ ನಾಲ್ಕಕ್ಕೆ ಡ್ಯೂಟಿ ಡಾಕ್ಟರು ಬೇರೆ ಯಾರಿಗೋ ಬಂದವರು ಇವರನ್ನು ಕಂಡು ನಿಂತರು. ಎಣಿಸಿದರು: 36. ಕುತ್ತಿಗೆಯ ಸ್ನಾಯುಗಳು ಪ್ರತಿ ಉಸಿರಿಗೂ ಸೆಳೆಯುತ್ತಿದ್ದವು. ಅರ್ಧ ಗಂಟೆಯಲ್ಲಿ ವೆಂಟಿಲೇಟರ್. ಐದನೆಯ ದಿನ ಅವರು ತೀರಿಕೊಂಡರು. ಮೊದಲೇ ಗೊತ್ತಾಗಿದ್ದರೆ ಬದುಕುತ್ತಿದ್ದರು ಎಂದು ನಾನು ಹೇಳಲಾರೆ. ಮೊದಲೇ ಗೊತ್ತಾಗಬಹುದಿತ್ತು ಎಂದು ಮಾತ್ರ ಹೇಳಬಲ್ಲೆ. ಅವರ ಹೆಂಡತಿಗೆ ಗೊತ್ತಾಗಿತ್ತು.

ಆ 95 ಸುಳ್ಳಾಗಿರಲಿಲ್ಲ. ಅದು ಬೇರೆ ಪ್ರಶ್ನೆಗೆ ಉತ್ತರ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದಷ್ಟೇ ಅದು ಹೇಳುತ್ತದೆ. ಅಷ್ಟನ್ನು ಉಳಿಸಿಕೊಳ್ಳಲು ದೇಹ ಎಷ್ಟು ಒದ್ದಾಡುತ್ತಿದೆ ಎಂದು ಹೇಳುವುದಿಲ್ಲ. ಹೊರಗಿನಿಂದ ಆಕ್ಸಿಜನ್ ಸುರಿಯುತ್ತಿರುವಾಗ ಶ್ವಾಸಕೋಶ ಸೋಲುತ್ತಾ ಬಂದರೂ ಆ ಅಂಕಿ ಬಹಳ ಹೊತ್ತು ನಿಂತಿರುತ್ತದೆ. ಒದ್ದಾಟ ಮೊದಲು ಕಾಣುವುದು ಉಸಿರಿನ ವೇಗದಲ್ಲಿ.

ಬಾರ್ಸಿಲೋನಾದ ಒರಿಯೋಲ್ ರೋಕಾ ಮತ್ತು ಸಂಗಡಿಗರು ನ್ಯುಮೋನಿಯಾ ರೋಗಿಗಳಿಗಾಗಿ ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ. ಕ್ಲಿಪ್ಪಿನ ಅಂಕಿಯನ್ನು ಕೊಡುತ್ತಿರುವ ಆಕ್ಸಿಜನ್ ಪ್ರಮಾಣದಿಂದ ಭಾಗಿಸಿ, ಬಂದದ್ದನ್ನು ಉಸಿರಿನ ವೇಗದಿಂದ ಭಾಗಿಸಬೇಕು. 4.88 ಅಥವಾ ಹೆಚ್ಚು ಬಂದರೆ ವೆಂಟಿಲೇಟರ್ ಬೇಕಾಗುವ ಅಪಾಯ ಕಡಿಮೆ. ಒಂಬತ್ತನೇ ಮಂಚಕ್ಕೆ ಈ ಲೆಕ್ಕ ಹಾಕಿ. 95ನ್ನು 0.6ರಿಂದ ಭಾಗಿಸಿದರೆ 158. ನಾನು ಬರೆದ 20ರಿಂದ ಭಾಗಿಸಿದರೆ 7.9, ನಿಶ್ಚಿಂತೆ. ನಿಜವಾದ 36ರಿಂದ ಭಾಗಿಸಿದರೆ 4.4, ಮಂಚ ಬಿಟ್ಟು ಕದಲಬಾರದು. ಯಂತ್ರ ಒಂದೇ, ಕ್ಲಿಪ್ಪು ಒಂದೇ. ವ್ಯತ್ಯಾಸ ನಾನು ಎಣಿಸದೆ ಬಿಟ್ಟ ಒಂದು ನಿಮಿಷದ್ದು.

ಈಗ ಯಾರಾದರೂ ಹೇಳುತ್ತಾರೆ: ಒಳ್ಳೆಯ ಮಾನಿಟರ್ ತಂದರಾಯಿತಲ್ಲ? ಯಂತ್ರಗಳ ಮೇಲೆ ನನಗೆ ಸಿಟ್ಟಿಲ್ಲ. 1974ರಲ್ಲಿ ಜಪಾನಿನ ತಕುವೊ ಅಒಯಾಗಿ ಪಲ್ಸ್ ಆಕ್ಸಿಮೀಟರಿನ ತತ್ವ ಕಂಡುಹಿಡಿದದ್ದರಿಂದ ಎಷ್ಟೋ ಜೀವ ಉಳಿದಿವೆ. ಕೊರೊನಾ ಕಾಲದಲ್ಲಿ ಅದು ನಮ್ಮ ಮನೆಗಳ ದೇವರ ಕೋಣೆಯವರೆಗೂ ಬಂತು. ಆದರೆ ಅದೇ 2020ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಯನವೊಂದು, ಕ್ಲಿಪ್ಪು 92ರಿಂದ 96 ತೋರಿಸುತ್ತಿದ್ದಾಗ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯರಲ್ಲಿ ಶೇಕಡಾ 3.6, ಕಪ್ಪು ಜನರಲ್ಲಿ ಶೇಕಡಾ 11.7 ಎಂದು ತೋರಿಸಿತು. ನಮ್ಮ ಮೈಬಣ್ಣಗಳ ಬಗ್ಗೆಯೂ ಈ ಪ್ರಶ್ನೆ ಕೇಳಬೇಕಲ್ಲವೇ? ಎದೆಯ ಮೇಲಿನ ಇಸಿಜಿ ಪಟ್ಟಿಗಳಿಂದ ಉಸಿರು ಎಣಿಸುವ ಮಾನಿಟರ್ ಇದೆ. ರೋಗಿ ಹೊರಳಿದರೆ, ಕೆಮ್ಮಿದರೆ ಅದು ತಪ್ಪು ಎಣಿಸುತ್ತದೆ. ಎದೆಗೆ ಬೆಲ್ಟ್ ಕಟ್ಟಿ ಗಾಳಿ ಯಾವ ಭಾಗಕ್ಕೆ ಹೋಗುತ್ತಿದೆ ಎಂದು ಪರದೆಯಲ್ಲಿ ತೋರಿಸುವ ಯಂತ್ರವೂ ಇದೆ, ಮಂಚದ ಬಳಿಯೇ ಶ್ವಾಸಕೋಶ ನೋಡುವ ಅಲ್ಟ್ರಾಸೌಂಡೂ ಇದೆ. ಎಲ್ಲವೂ ಬರಲಿ. ಆದರೆ ಅವನ್ನು ಯಾರಿಗೆ, ಯಾವಾಗ ಹಚ್ಚಬೇಕು ಎಂದು ಹೇಳಲು ಮಂಚದ ಬಳಿ ಒಬ್ಬರು ನಿಂತಿರಬೇಕು. ಆ ಒಬ್ಬರೇ ಇಲ್ಲ.

ಯಾಕೆ ಇಲ್ಲ? ಲೆಕ್ಕ ನೋಡಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನಾರು ರೋಗಿಗಳಿಗೆ ಹದಿನಾರು ನಿಮಿಷ. ಅದೇ ಗಂಟೆಯಲ್ಲಿ ಇಂಜೆಕ್ಷನ್, ಡ್ರಿಪ್, ಮೂತ್ರದ ಅಳತೆ, ಹೊರಳಿಸುವುದು, ಬಿಲ್ಲಿಂಗಿನ ಫೋನು, ಔಷಧಿಯ ಇಂಡೆಂಟು. ಇವುಗಳಲ್ಲಿ ಯಾವುದು ತಪ್ಪಿದರೂ ಯಾರೋ ಕೇಳುತ್ತಾರೆ. ಉಸಿರು ಎಣಿಸದಿದ್ದರೆ ಯಾರೂ ಕೇಳುವುದಿಲ್ಲ. ಕಾಲಂ ಖಾಲಿ ಬಿಟ್ಟರೆ ಮಾತ್ರ ಕೇಳುತ್ತಾರೆ. ತಪಾಸಣೆಗೆ ಬಂದವರು ಕಾಲಂ ತುಂಬಿದೆಯೇ ಎಂದು ನೋಡಿದ್ದನ್ನು ಕಂಡಿದ್ದೇನೆ. ಮಂಚದ ಬಳಿ ನಿಂತು ಎಣಿಸಿ ತಾಳೆ ನೋಡಿದ್ದನ್ನು ಒಮ್ಮೆಯೂ ಕಂಡಿಲ್ಲ. ಇಪ್ಪತ್ತು ಬರೆಯುವುದು ನರ್ಸ್. ಬರೆಸುವುದು ಇಬ್ಬರು ಮಾಡಬೇಕಾದ ಕೆಲಸಕ್ಕೆ ಒಬ್ಬಳನ್ನು ನಿಲ್ಲಿಸಿದ ಆಡಳಿತ.

ಅದೂ ಎಂಥ ಊರಿನಲ್ಲಿ! 1880ರಲ್ಲಿ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಔಷಧಿ ಕೊಡಲು ಶುರುಮಾಡಿದ ಊರು. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳ ದಾರಿಯ ಪ್ರಶ್ನೆ ಕೇರಳ ಹೈಕೋರ್ಟಿನವರೆಗೆ ಹೋಗುವಷ್ಟು ಜನ ನಂಬಿರುವ ಊರು. ಬೀದಿಗೊಂದು ನರ್ಸಿಂಗ್ ಕಾಲೇಜು. ನನ್ನ ಜೊತೆ ಕಲಿತವರು ಇಂದು ಕುವೈತಿನಲ್ಲಿದ್ದಾರೆ, ಐರ್ಲೆಂಡಿನಲ್ಲಿದ್ದಾರೆ. ಅಲ್ಲಿ ಅವರು ಉಸಿರು ಎಣಿಸುತ್ತಾರೆ, ಏಕೆಂದರೆ ಅಲ್ಲಿ ಎಣಿಸಲು ಹೊತ್ತು ಕೊಡುತ್ತಾರೆ. ಸಂಬಳವನ್ನೂ ಕೊಡುತ್ತಾರೆ. ಊರಿಗೆ ಬಂದಾಗ “ನೀನಿನ್ನೂ ಇಪ್ಪತ್ತು ಬರೀತೀಯಾ?” ಎಂದು ಒಬ್ಬಳು ನಕ್ಕಳು. ನಾನೂ ನಕ್ಕೆ.

ಸಾಹಿತ್ಯದ ಓದುಗರಿಗೆ ಇದನ್ನು ಯಾಕೆ ಹೇಳಬೇಕು? ನಮ್ಮ ಭಾಷೆಗೆ ಉಸಿರಿನ ವ್ಯತ್ಯಾಸ ಚೆನ್ನಾಗಿ ಗೊತ್ತು. ಏದುಸಿರು ಬೇರೆ, ನಿಟ್ಟುಸಿರು ಬೇರೆ. ಉಬ್ಬಸ ಬೇರೆ, ಮೇಲುಸಿರು ಬೇರೆ. ಓದುಬರಹ ಬಾರದ ಅಜ್ಜಿಯೂ ಮೇಲುಸಿರು ಎಂದರೆ ಮನೆಯವರೆಲ್ಲ ಎದ್ದು ಕೂರುತ್ತಿದ್ದರು. ಇಷ್ಟೆಲ್ಲ ಶಬ್ದಗಳನ್ನು ನಾವು ಒಂದು ಇಪ್ಪತ್ತರೊಳಗೆ ಹೂತಿದ್ದೇವೆ. “ಎರಡು ಶಬ್ದಕ್ಕೊಮ್ಮೆ ನಿಲ್ತಾರೆ” ಎಂಬ ಆ ಹೆಂಗಸಿನ ಮಾತು ಅಂದು ರಾತ್ರಿ ಆ ವಾರ್ಡಿನ ಅತ್ಯಂತ ನಿಖರವಾದ ವರದಿಯಾಗಿತ್ತು. ಅದನ್ನು ಬರೆಯಲು ಚಾರ್ಟಿನಲ್ಲಿ ಕಾಲಂ ಇರಲಿಲ್ಲ.

ಆಸ್ಪತ್ರೆಗಳು ಮುಂದಿನ ಯಂತ್ರ ಕೊಳ್ಳುವ ಮೊದಲು ಆ ಹಣದಲ್ಲಿ ರಾತ್ರಿ ಪಾಳಿಗೆ ಇನ್ನೊಬ್ಬರನ್ನು ನೇಮಿಸಲಿ. ಎಣಿಸದಿದ್ದರೆ “ಎಣಿಸಿಲ್ಲ” ಎಂದು ಬರೆಯಲು ನರ್ಸಿಗೆ ಅವಕಾಶ ಕೊಡಲಿ. ಖಾಲಿ ಜಾಗ ಸುಳ್ಳಿಗಿಂತ ಮೇಲು. ಮನೆಯವರ ಮಾತಿಗೂ ಚಾರ್ಟಿನಲ್ಲಿ ಒಂದು ಸಾಲು ಇರಲಿ.

ನೀವು ವಾರ್ಡಿನಲ್ಲಿ ಕೂತಿದ್ದರೆ ಜಗಳ ಮಾಡಬೇಡಿ. ನಾಡಿ ನೋಡುವವರಂತೆ ನಿಮ್ಮವರ ಕೈ ಹಿಡಿದುಕೊಳ್ಳಿ, ಏಕೆಂದರೆ ಎಣಿಸುತ್ತಿದ್ದೀರಿ ಎಂದು ತಿಳಿದರೆ ಅವರ ಉಸಿರು ಬದಲಾಗುತ್ತದೆ. ಎದೆ ಏಳುವುದನ್ನು ಗಡಿಯಾರ ನೋಡಿಕೊಂಡು ಒಂದು ನಿಮಿಷ ಎಣಿಸಿ. 25 ದಾಟಿದರೆ ಹೋಗಿ ಹೇಳಿ. ನರ್ಸ್ ಪರದೆಯತ್ತ ಕೈ ತೋರಿಸಿದರೆ, ದಯವಿಟ್ಟು ಇನ್ನೊಮ್ಮೆ ಹೇಳಿ. ಅವರು ಎರಡು ಸಲ ಹೇಳಿದ್ದರು. ಮೂರನೆಯ ಸಲ ಹೇಳಿದ್ದರೆ ನಾನು ಎದ್ದು ಹೋಗುತ್ತಿದ್ದೆನೋ ಏನೋ.