ಬಾಲ್ಯದ ಕಥೆ, ಪ್ರೌಢರ ನಾಟಕ

ಬಾಲ್ಯದಲ್ಲಿ ಮನಸೋತು ಓದಿದ ಗ್ರಂಥವನ್ನು ಪ್ರಾಯ ಬಂದ ಮೇಲೆ ಮತ್ತೆ ಕೈಗೆತ್ತಿಕೊಳ್ಳುವುದು ಒಂದು ಪರೀಕ್ಷೆಯೇ ಸರಿ. ಪರೀಕ್ಷೆಗೆ ಗುರಿಯಾಗುವುದು ಗ್ರಂಥವೋ ಓದುವವನೋ ಎಂಬುದನ್ನು ಸುಲಭವಾಗಿ ಹೇಳಲಾಗದು. ಹ್ಯಾರಿ ಪಾಟರನ ಕಥಾಮಾಲೆಯೊಡನೆ ಬೆಳೆದವರಿಗೆ ಇಂಥದೊಂದು ಸಂದರ್ಭ ೨೦೧೬ರಲ್ಲಿ ಒದಗಿತು. ಅದರ ವಿಷಯವಾಗಿ ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡಬಯಸುತ್ತೇವೆ.

ಆಂಗ್ಲ ಲೇಖಕಿ ಜೆ. ಕೆ. ರೌಲಿಂಗ್ ಅವರ ಈ ಮಾಲೆ ೧೯೯೭ರಿಂದ ೨೦೦೭ರವರೆಗೆ ಏಳು ಸಂಪುಟಗಳಲ್ಲಿ ಹೊರಬಂದಿತು. ತಂದೆತಾಯಿಗಳನ್ನು ಕಳೆದುಕೊಂಡ ಬಾಲಕ ಹ್ಯಾರಿ, ಅವನು ಓದಿದ ಮಂತ್ರವಿದ್ಯೆಯ ಶಾಲೆ ಹಾಗ್ವಾರ್ಟ್ಸ್, ಅವನ ಪರಮ ವೈರಿ ವೋಲ್ಡೆಮಾರ್ಟ್—ಇವರ ಪರಿಚಯ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಉಂಟು. ಕಥೆ ಮುಗಿಯಿತೆಂದು ಎಲ್ಲರೂ ಬಗೆದಿರುವಾಗ, ೨೦೧೬ರ ಜುಲೈ ೩೦ರಂದು ಲಂಡನ್ನಿನ ಪ್ಯಾಲೆಸ್ ಥಿಯೇಟರಿನಲ್ಲಿ ‘ಹ್ಯಾರಿ ಪಾಟರ್ ಅಂಡ್ ದಿ ಕರ್ಸ್ಡ್ ಚೈಲ್ಡ್’ ಎಂಬ ನಾಟಕ ವಿಧ್ಯುಕ್ತವಾಗಿ ರಂಗವನ್ನೇರಿತು. ಮರುದಿನವೇ ಅದರ ರಂಗಪ್ರತಿ ಪುಸ್ತಕರೂಪದಲ್ಲಿ ಪ್ರಕಟವಾಯಿತು. ಕಥೆಯನ್ನು ರೌಲಿಂಗ್, ಜಾನ್ ಟಿಫನಿ, ಜ್ಯಾಕ್ ಥಾರ್ನ್ ಮೂವರೂ ಕೂಡಿ ಹೆಣೆದರು. ನಾಟಕವಾಗಿ ಬರೆದವರು ಥಾರ್ನ್.

ಪುಸ್ತಕವನ್ನು ಕೊಂಡ ಹಲವರು ನಿರಾಶರಾದರು. ಅವರು ಬಯಸಿದ್ದುದು ಎಂಟನೆಯ ಕಾದಂಬರಿಯನ್ನು, ದೊರೆತುದು ನಾಟಕ. ಕಾದಂಬರಿಯಲ್ಲಿ ಮಹಾಭವನದ ತೇಲುವ ಮೇಣದಬತ್ತಿಗಳಿಂದ ಹಿಡಿದು ಹ್ಯಾರಿಯ ಅಂತರಂಗದ ಅಳುಕಿನವರೆಗೆ ಎಲ್ಲವನ್ನೂ ಲೇಖಕಿಯೇ ಬಣ್ಣಿಸುತ್ತಾರೆ. ರಂಗಪ್ರತಿಯಲ್ಲಾದರೋ ಇರುವುದು ಸಂಭಾಷಣೆ, ಅದರ ನಡುವೆ ಚಿಕ್ಕ ರಂಗಸೂಚನೆ. ಮೂವರು ಪಾತ್ರಧಾರಿಗಳು ಮದ್ದು ಕುಡಿದು ಬೇರೆ ಮೂವರ ರೂಪ ತಾಳುವ ದೃಶ್ಯ ರಂಗದ ಮೇಲೆ ಕಣ್ಣೆದುರೇ ನಡೆಯುತ್ತದೆ. ಪುಸ್ತಕದಲ್ಲಿ ಅದು ಕೆಲವೇ ಪಂಕ್ತಿಗಳಲ್ಲಿ ಮುಗಿದುಹೋಗುತ್ತದೆ. ನಮ್ಮ ಹಿರಿಯರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಸುಮ್ಮನೆ ವಿಂಗಡಿಸಲಿಲ್ಲ. ಯಕ್ಷಗಾನ ಪ್ರಸಂಗದ ಪುಸ್ತಕವನ್ನು ಓದಿ, ಆಟ ಕಂಡಂತಾಗಲಿಲ್ಲವೆಂದು ದೂರುವವರುಂಟೆ? ನಾಟಕವನ್ನು ನಾಟಕವೆಂದೇ ಓದಬೇಕು. ಬರೆಯದೆ ಬಿಟ್ಟುದನ್ನು ತುಂಬಿಕೊಳ್ಳುವ ಹೊಣೆ ಓದುವವನದು.

ಹಾಗೆಂದು ಇದು ನಿರ್ದುಷ್ಟವಾದ ಕೃತಿಯೆಂದು ನಾವು ಹೇಳುವುದಿಲ್ಲ. ಮೂರನೆಯ ಸಂಪುಟದಲ್ಲಿ ಕಾಲವನ್ನು ಹಿಂದಕ್ಕೆ ತಿರುಗಿಸುವ ಯಂತ್ರವೊಂದು ಬರುತ್ತದೆ. ಅಲ್ಲಿ ಹಿಂದಕ್ಕೆ ಹೋದವರು ಮಾಡಿದ್ದೆಲ್ಲವೂ ಆಗಲೇ ನಡೆದುಹೋಗಿದ್ದ ಸಂಗತಿಯೊಡನೆ ಸರಿಯಾಗಿ ಹೊಂದಿಕೊಳ್ಳುತ್ತದೆ. ನಾಟಕದಲ್ಲಿ ಅಂಥದೇ ಯಂತ್ರ ಇಡೀ ಜಗತ್ತನ್ನೇ ಬುಡಮೇಲು ಮಾಡುತ್ತದೆ. ಹ್ಯಾರಿಯ ಆಪ್ತಮಿತ್ರ ರಾನ್ ಇಲ್ಲಿ ಬಹುಮಟ್ಟಿಗೆ ವಿದೂಷಕನಾಗಿ ಉಳಿದಿದ್ದಾನೆ. ವೋಲ್ಡೆಮಾರ್ಟನಿಗೆ ಮಗಳೊಬ್ಬಳಿದ್ದಳೆಂಬ ಕಲ್ಪನೆಯೂ ನಮಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ.

ಆದರೂ ಈ ನಾಟಕ ಓದತಕ್ಕದ್ದೆಂದು ನಾವು ಹೇಳುವುದಕ್ಕೆ ಕಾರಣ ಅದರ ತಂದೆಮಕ್ಕಳ ಕಥೆ. ಲೋಕವನ್ನೇ ರಕ್ಷಿಸಿದ ಹ್ಯಾರಿ ಈಗ ನಡುವಯಸ್ಸಿನ ಅಧಿಕಾರಿ, ಮೂವರು ಮಕ್ಕಳ ತಂದೆ. ಎರಡನೆಯ ಮಗ ಆಲ್ಬಸ್ ಶಾಲೆಯಲ್ಲಿ ತಂದೆಯ ಗ್ರಿಫಿಂಡರ್ ಬಣಕ್ಕೆ ಸೇರದೆ ಸ್ಲಿದರಿನ್ ಬಣಕ್ಕೆ ಸೇರುತ್ತಾನೆ. ತಂದೆಯ ಹಳೆಯ ವೈರಿ ಡ್ರೇಕೋ ಮಾಲ್ಫಾಯನ ಮಗ ಸ್ಕಾರ್ಪಿಯಸನೇ ಅವನ ಏಕೈಕ ಗೆಳೆಯ. ತಂದೆಯ ಕೀರ್ತಿ ಆ ಹುಡುಗನ ಹೆಗಲ ಮೇಲೆ ಹೊರೆಯಾಗಿ ಕುಳಿತಿದೆ. ಹ್ಯಾರಿ ಒಂದು ರಾತ್ರಿ ಮಗನಿಗೆ ಹಳೆಯದೊಂದು ಹೊದಿಕೆಯನ್ನು ಕೊಡುತ್ತಾನೆ. ಅದು ಶಿಶುವಾಗಿದ್ದ ಅವನನ್ನು ತಾಯಿ ಸುತ್ತಿಟ್ಟಿದ್ದ ವಸ್ತ್ರ. ಆಕೆಯಿಂದ ಅವನಿಗೆ ಉಳಿದುಬಂದ ಕಡೆಯ ವಸ್ತು. ಮಗನಿಗೆ ಅದು ಬರಿಯ ಹಳೆಯ ಬಟ್ಟೆ. ಮಾತಿಗೆ ಮಾತು ಬೆಳೆದು, ಇಂಥ ಮಗ ತನಗೆ ಬೇಡವಾಗಿತ್ತೆಂಬ ಅರ್ಥದ ನುಡಿ ತಂದೆಯ ಬಾಯಿಂದ ಬಂದುಬಿಡುತ್ತದೆ.

ಬಾಲ್ಯದಲ್ಲಿ ಹ್ಯಾರಿಯ ಪಕ್ಷ ವಹಿಸಿ ಓದಿದವರು ಇಲ್ಲಿ ತಡೆದು ನಿಲ್ಲುತ್ತಾರೆ. ಅಂದು ಹಿರಿಯರು ತನ್ನ ಮಾತಿಗೆ ಕಿವಿಗೊಡಲಿಲ್ಲವೆಂದು ನೊಂದವನು ಅವನೇ. ಇಂದು ಮಗನ ಮಾತಿಗೆ ಕಿವಿಗೊಡದವನೂ ಅವನೇ. ದುಷ್ಟರನ್ನು ಗೆಲ್ಲುವ ಧೈರ್ಯ ಬೇರೆ, ಮನೆಯವರನ್ನು ಅರಿಯುವ ತಾಳ್ಮೆ ಬೇರೆ. ಈ ಮಾತನ್ನು ಏಳು ಸಂಪುಟಗಳಿಗಿಂತ ಸ್ಪಷ್ಟವಾಗಿ ಈ ನಾಟಕ ಹೇಳುತ್ತದೆ.

ಮುಂದೆ ಆಲ್ಬಸ್, ಹಿಂದೆ ಮಡಿದ ಸೆಡ್ರಿಕನನ್ನು ಉಳಿಸಲು ಕಾಲದಲ್ಲಿ ಹಿಂದಕ್ಕೆ ಹೋಗುತ್ತಾನೆ. ಎಡವಟ್ಟಿನ ಮೇಲೆ ಎಡವಟ್ಟಾಗಿ, ಕಡೆಗೆ ಗೆಳೆಯರಿಬ್ಬರೂ ೧೯೮೧ರಲ್ಲಿ ಸಿಕ್ಕಿಬೀಳುತ್ತಾರೆ. ಆಗ ಅವರು ಸಂದೇಶ ಬರೆಯುವುದು ಅದೇ ಹೊದಿಕೆಯ ಮೇಲೆ. ಹತ್ತಾರು ವರ್ಷಗಳ ಈಚೆಗೆ ತಂದೆ ಅದನ್ನು ಓದಿಕೊಂಡು ರಕ್ಷಣೆಗೆ ಧಾವಿಸುತ್ತಾನೆ. ತನ್ನ ತಂದೆತಾಯಿಗಳ ಹತ್ಯೆಯನ್ನು ತಡೆಯುವ ಅವಕಾಶ ಅಲ್ಲಿ ಅವನ ಕೈಯಲ್ಲಿದೆ. ತಡೆದರೆ ಲೋಕದ ಗತಿಯೇ ಕೆಡುತ್ತದೆ. ಆದುದರಿಂದ ಅವನು ತಡೆಯದೆ ನಿಂತು ನೋಡುತ್ತಾನೆ. ಮಗ ಪಕ್ಕದಲ್ಲಿದ್ದಾನೆ. ಮಕ್ಕಳಾಗಿ ಓದಿದವರಿಗೆ ಆ ಮರಣ ಕಥೆಯ ಆರಂಭ ಮಾತ್ರವಾಗಿತ್ತು; ಪ್ರೌಢರಾದವರಿಗೆ ಅದರ ಭಾರ ಇಲ್ಲಿ ತಿಳಿಯುತ್ತದೆ.

ವಿದ್ಯಾರ್ಥಿಮಿತ್ರರೇ, ನಿಮ್ಮ ಮನೆಗಳಲ್ಲಿಯೂ ಇಂಥ ಹೊದಿಕೆಗಳಿವೆ. ಹಿರಿಯರು ತಾವು ಮೆಚ್ಚಿದ ಪುಸ್ತಕವನ್ನು, ಹಾಡನ್ನು, ದೂರದ ಊರಿನ ನೆನಪನ್ನು, ಈ ಪರಸ್ಥಳದಲ್ಲಿ ಕಾಪಾಡಿಕೊಂಡು ಬಂದ ನುಡಿಯನ್ನು ನಿಮ್ಮ ಕೈಗಿಡುತ್ತಾರೆ. ಅದು ಕೂಡಲೇ ನಿಮಗೆ ರುಚಿಸದಿರಬಹುದು. ರುಚಿಸಲೇಬೇಕೆಂದು ಹಿರಿಯರು ಹಟ ಹಿಡಿಯುವುದು ತರವಲ್ಲ; ಹಳೆಯ ಬಟ್ಟೆಯೆಂದು ನೀವು ಎಸೆಯುವುದೂ ತರವಲ್ಲ. ಎಂದಾದರೊಂದು ದಿನ ಬರೆಯತಕ್ಕ ಮಾತೊಂದು ಇದ್ದಾಗ ಅದೇ ನಿಮಗೆ ಒದಗೀತು.

ಕಡೆಯದಾಗಿ ಒಂದು ಸೂಚನೆ. ಈ ನಾಟಕವನ್ನು ಒಬ್ಬರೇ ಮೂಲೆಯಲ್ಲಿ ಕುಳಿತು ಓದಬೇಡಿರಿ. ನಾಲ್ವರು ಗೆಳೆಯರು ಕೂಡಿ, ಪಾತ್ರಗಳನ್ನು ಹಂಚಿಕೊಂಡು, ಗಟ್ಟಿಯಾಗಿ ಓದಿರಿ. ಸಾಧ್ಯವಾದರೆ ಹ್ಯಾರಿಯ ಪಾತ್ರವನ್ನು ನಿಮ್ಮ ತಂದೆಯವರಿಗೋ ತಾಯಿಯವರಿಗೋ ಬಿಟ್ಟುಕೊಡಿರಿ. ಪುಟದ ಮೇಲೆ ಒಣಗಿದಂತೆ ಕಾಣುವ ಮಾತಿಗೆ ಆಗ ಜೀವ ಬರುವುದೆಂದು ನಮ್ಮ ನಂಬಿಕೆ.